ಸೆನ್ಸರ್ ಬದಲಿಸುವ ಮೊದಲು ವೈರು ನೋಡಿ
ಕಳೆದ ಮಳೆಗಾಲ ಅರಬೈಲ್ ಘಟ್ಟ ಹತ್ತುವಾಗ ನಮ್ಮ ಕಾರು ಆಫ್ ಆಯ್ತು. ಹಿಂದೆ ಲೋಡ್ ಲಾರಿ. ಜೀವ ಬಾಯಿಗೆ ಬಂತು. ಸ್ವಲ್ಪ ಹೊತ್ತು ಬಿಟ್ಟು ಸ್ಟಾರ್ಟ್ ಆಯ್ತು. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಚ್ಚಿದರು, ಪಿ0340 ಬಂತು. "ಕ್ಯಾಮ್ ಸೆನ್ಸರ್ ಹೋಗಿದೆ" ಅಂತ ಹೊಸದು ಹಾಕಿದರು. ಎಂಟೇ ದಿನಕ್ಕೆ ಮತ್ತೆ ಅದೇ ಕತೆ. ಇನ್ನೊಂದು ಸೆನ್ಸರ್ ಹಾಕುವಾ ಅಂದ್ರು! ಕಡೆಗೆ ನೋಡಿದ್ರೆ ಇಲಿ ಕಚ್ಚಿದ ವೈರು.

ಪಿ0340 ಅಂದ್ರೆ ಸೆನ್ಸರ್ ಸತ್ತಿದೆ ಅಂತ ಅಲ್ಲ ಮಾರಾಯ್ರೆ, ಆ ಸರ್ಕ್ಯೂಟಿನಲ್ಲಿ ಎಲ್ಲೋ ತೊಂದರೆ ಅಂತ. ವೈರು, ಕನೆಕ್ಟರ್ ಎಲ್ಲ ಅದರಲ್ಲೇ ಬಂತು. ಅಡಕೆ ಸೋಗೆ ಹಳದಿಯಾದ ಕೂಡಲೇ ಮರ ಕಡೀತೀವಾ? ಮೊದಲು ಬಸಿಗಾಲುವೆ ನೋಡ್ತೀವಿ.

ಕನೆಕ್ಟರ್ ಬಿಚ್ಚಿ, ಹಸಿರು ಕಿಲುಬು, ಆಯಿಲ್, ನೀರು ಇದೆಯಾ ನೋಡಿಸಿ. ಮೂರು ವೈರಿನ ಸೆನ್ಸರ್ ಆದ್ರೆ ಒಂದು ಸಪ್ಲೈ (ಕೆಲವಕ್ಕೆ 5, ಕೆಲವಕ್ಕೆ 12 ವೋಲ್ಟ್), ಒಂದು ಅರ್ತ್, ಒಂದು ಸಿಗ್ನಲ್. ಸಪ್ಲೈ, ಅರ್ತ್ ಸರಿ ಇದ್ದು, ವೈರು ತುಂಡಾಗದೆ, ಸೆಲ್ಫ್ ಹೊಡೆದಾಗ ಸಿಗ್ನಲ್ ಬರದಿದ್ರೆ ಆಗ ಸೆನ್ಸರ್ ಬದಲಿಸಿ. ಪಿ0016 ಬಂದ್ರೆ ಟೈಮಿಂಗ್ ಚೈನ್ ಅಥವಾ ಬೆಲ್ಟ್ ಕೂಡ ನೋಡಿಸಬೇಕು.

ತಪ್ಪು ನಮ್ಮದೂ ಇದೆ. ಸಾಮಾನಿನ ಬಿಲ್ಲಿಗೆ ಮಾತಾಡದೆ ಕೊಡ್ತೀವಿ, ತಪಾಸಣೆ ಕೂಲಿಗೆ ಚೌಕಾಸಿ ಮಾಡ್ತೀವಿ. ನೋಡಿದ್ದಕ್ಕೆ ಕೂಲಿ ಕೊಡುವಾ. ಊಹೆಗೆ ಮಾತ್ರ ದುಡ್ಡು ಬೇಡ.