ಗಿಳಿಗೂ ಒಂದು ರಾತ್ರಿ ಬೇಕು

ನಡುರಾತ್ರಿ ಸಾಕುಗಿಳಿ ಇದ್ದಕ್ಕಿದ್ದಂತೆ ರೆಕ್ಕೆ ಬಡಿದು ಪಂಜರದ ಕಂಬಿಗೆ ಅಪ್ಪಳಿಸಿಕೊಂಡರೆ ಅದು ಹಕ್ಕಿಯ ಹಠವಲ್ಲ, ಗಾಳಿ ಸೋಕಿದ್ದೂ ಅಲ್ಲ, ಶುದ್ಧ ಭಯ. ಗಿಳಿಗೆ ಕತ್ತಲಲ್ಲಿ ಸರಿಯಾಗಿ ಕಣ್ಣು ಕಾಣದು. ಬಯಲಿನ ಗಿಳಿಗಳು ಮುಸ್ಸಂಜೆಗೆ ಹಿಂಡುಗಟ್ಟಿ ಮರ ಸೇರುತ್ತವೆ, ಒಂದು ಬೆದರಿದರೆ ಉಳಿದವೂ ಎಚ್ಚರಾಗುತ್ತವೆ. ಪಂಜರದ ಒಂಟಿ ಹಕ್ಕಿಗೆ ಆ ಕಾವಲೂ ಇಲ್ಲ, ಹಾರಿಹೋಗುವ ದಾರಿಯೂ ಇಲ್ಲ. ಕಾಕಟೀಲ್ ಗಿಳಿಗಳಲ್ಲಿ ಈ ದಿಗಿಲು ತೀರಾ ಸಾಮಾನ್ಯ. (ನಮ್ಮ ತೋಟಗಳ ಹಸಿರು ಗಿಳಿಯನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ಇಲ್ಲಿ ಹೇಳುತ್ತಿರುವುದು ಕಾನೂನುಬದ್ಧವಾಗಿ ಸಾಕಿದ ವಿದೇಶಿ ತಳಿಗಳ ಮಾತು.)

ಹಕ್ಕಿಯನ್ನು ದೂರುವ ಮೊದಲು ನಮ್ಮ ರಾತ್ರಿಗಳನ್ನು ನೋಡಬೇಕು. ಮಣಿಪಾಲದ ಫ್ಲ್ಯಾಟುಗಳಲ್ಲಿ ಗಂಟೆ ಹನ್ನೆರಡಾದರೂ ಹಾಲ್‌ನ ದೀಪ, ಟಿವಿ ಆರುವುದಿಲ್ಲ. ಕಾಪುವಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಮನೆಗಳ ಗೋಡೆಗಳ ಮೇಲೆ ಲಾರಿಗಳ ಬೆಳಕು ಸರಿದಾಡುತ್ತದೆ. ದೀಪಾವಳಿಯಿಂದ ಮೇ ತಿಂಗಳ ಪತ್ತನಾಜೆಯವರೆಗೆ ಉಡುಪಿ, ಕಾರ್ಕಳದ ಊರುಗಳಲ್ಲಿ ದೈವಗಳ ನೇಮ, ಯಕ್ಷಗಾನದ ಆಟ, ಗರ್ನಾಲು ಪಟಾಕಿಯ ಸದ್ದು. ಅದು ಮುಗಿಯಿತೆನ್ನುವಾಗ ಗುಡುಗು, ಕರೆಂಟು ಕೈಕೊಡುವುದು. ದಿನಕ್ಕೆ 10ರಿಂದ 12 ತಾಸು ನಿದ್ದೆ ಬೇಕಾದ ಜೀವಕ್ಕೆ ಅದರ ಅರ್ಧ ಸಿಕ್ಕಿದರೆ ಹೆಚ್ಚು. ನಿದ್ದೆಗೆಟ್ಟ ಗಿಳಿ ಕಚ್ಚುತ್ತದೆ, ಕಿರುಚುತ್ತದೆ, ತನ್ನ ಗರಿಯನ್ನೇ ಕಿತ್ತುಕೊಳ್ಳಲೂಬಹುದು. ಬೆಳಕು ಹೆಚ್ಚು ಹೊತ್ತು ಬಿದ್ದರೆ ಮರಿ ಮಾಡುವ ಕಾಲ ಬಂತೆಂದು ಅದರ ದೇಹ ತಿಳಿಯುತ್ತದೆ. ಹೆಣ್ಣು ಹಕ್ಕಿ ಪದೇಪದೇ ಮೊಟ್ಟೆಯಿಟ್ಟು ಮೈಯ ಕ್ಯಾಲ್ಸಿಯಂ ಕಳೆದುಕೊಂಡು ಸೊರಗಬಹುದು.

ಪಂಜರಕ್ಕೆ ಬಟ್ಟೆ ಹೊದಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಬಟ್ಟೆ ಸದ್ದನ್ನು ತಡೆಯುವುದಿಲ್ಲ. ಏಪ್ರಿಲ್‌ನ ಸೆಕೆಯಲ್ಲಿ ಸುತ್ತ ಮುಚ್ಚಿದರೆ ಗಾಳಿಯಾಡದು. ಗಾಢ ಕತ್ತಲಲ್ಲಿ ಬೆದರಿದ ಹಕ್ಕಿಗೆ ಕೂರುವ ಕೋಲೇ ಕಾಣದು. ಪಂಜರವನ್ನು ಸದ್ದು ಕಡಿಮೆಯಿರುವ ಒಳಕೋಣೆಗೆ ಒಯ್ದು, ಮೂರು ಬದಿ ಮುಚ್ಚಿ ಒಂದನ್ನು ತೆರೆದಿಟ್ಟು, ಇನ್ವರ್ಟರ್‌ಗೆ ಸೇರಿಸಿದ ಜೀರೋ ಬಲ್ಬೊಂದನ್ನು ದೂರದಲ್ಲಿ ಉರಿಸುವುದು ಮೇಲು. ನೇತುಹಾಕಿದ ಆಟಿಕೆಗಳನ್ನು ರಾತ್ರಿ ತೆಗೆದಿಡಬೇಕು. ಒಳಕೋಣೆಗೆ ಹಾಕಿದರೆ ಹಕ್ಕಿ ಒಂಟಿಯಾಗುತ್ತದೆ ಎಂಬ ಆತಂಕದಲ್ಲಿ ಪ್ರೀತಿಯಿದೆ, ಒಪ್ಪುತ್ತೇನೆ. ಆದರೆ ಒಡನಾಟವನ್ನು ಹಗಲಲ್ಲಿ ಕೊಡೋಣ. ದಿನವೂ ಒಂದೇ ಹೊತ್ತಿಗೆ ಮಲಗಿಸಿದರೆ ಗಿಳಿ ಆ ಕೋಣೆಗೆ ಒಗ್ಗುತ್ತದೆ. ಗಿಳಿಗಾಗಿ ಊರಿನ ಉತ್ಸವ ನಿಲ್ಲಿಸಿ ಎಂದು ಯಾರೂ ಕೇಳುತ್ತಿಲ್ಲ. ಆ ರಾತ್ರಿ ಕಿಟಕಿ ಮುಚ್ಚಿ, ಹಕ್ಕಿಗೆ ನೇರ ಗಾಳಿ ತಾಗದಂತೆ ಫ್ಯಾನ್ ತಿರುಗಿಸಿದರೆ ಅದರ ಒಂದೇ ಸಮನಾದ ಸದ್ದು ಹೊರಗಿನ ಅಬ್ಬರವನ್ನು ತುಸು ಮರೆಸುತ್ತದೆ. ಆದರೂ ಬೆದರಿದರೆ ಮೊದಲು ಮೆಲ್ಲಗೆ ಮಾತಾಡಿ, ಆಮೇಲೆ ದೀಪ ಹಾಕಿ. ಅದು ಶಾಂತವಾಗುವವರೆಗೆ ಒಳಗೆ ಕೈ ಹಾಕಬೇಡಿ. ಹೊಸದಾಗಿ ಮೂಡುವ ಗರಿಯೊಳಗೆ ರಕ್ತ ಹರಿಯುತ್ತಿರುತ್ತದೆ. ಒದ್ದಾಟದಲ್ಲಿ ಅದು ಮುರಿದು ರಕ್ತ ನಿಲ್ಲದಿದ್ದರೆ ಶುಭ್ರ ಬಟ್ಟೆ ಒತ್ತಿ ಹಿಡಿದು, ಬೆಳಗಿಗೆ ಕಾಯದೆ ಪಶುವೈದ್ಯರಿಗೆ ಫೋನ್ ಮಾಡಿ.