ವೀರನಿಗೊಂದು ಋಣ ಬೇಕು

(ಅಂತಿಮ ಬಿ.ಎ. ವಿದ್ಯಾರ್ಥಿಯೊಬ್ಬನ ಅಭಿಪ್ರಾಯ)

ಕಳೆದ ಮಳೆಗಾಲದ ಒಂದು ರಾತ್ರಿ ನಮ್ಮ ವಿದ್ಯಾರ್ಥಿನಿಲಯದಲ್ಲಿ ದೀಪ ಹೋಯಿತು. ಮಲೆನಾಡಿನ ಸೆರಗಿನಲ್ಲಿರುವ ನಮಗೆ ಇದೇನೂ ಹೊಸದಲ್ಲ. ಪರೀಕ್ಷೆಯೂ ದೂರವಿದ್ದುದರಿಂದ ಯಾರೂ ಚಿಂತಿಸಲಿಲ್ಲ. ಆಗ ಬೆಂಗಳೂರಿನಲ್ಲಿ ರಜೆ ಕಳೆದು ಬಂದಿದ್ದ ಗೆಳೆಯನೊಬ್ಬನು ಚೀಲದಿಂದ ಒಂದು ಹಿಡಿ ದಾಳಗಳನ್ನು ತೆಗೆದು ಮೇಣದಬತ್ತಿಯ ಮುಂದೆ ಸುರಿದನು. ಅವು ನಮ್ಮ ಪಗಡೆಯ ದಾಳಗಳಲ್ಲ. ನಾಲ್ಕು ಮುಖದ್ದೊಂದು, ಎಂಟು ಮುಖದ್ದೊಂದು, ಇಪ್ಪತ್ತು ಮುಖದ್ದೊಂದು! "ಇದು ಕಥೆ ಕಟ್ಟುವ ಆಟ" ಎಂದನು ಅವನು.

ಈ ಆಟದ ಪರಿಚಯವಿಲ್ಲದ ವಾಚಕರಿಗಾಗಿ ಎರಡು ಮಾತು. ಇದರಲ್ಲಿ ಮಣೆಯಿಲ್ಲ, ಕಾಯಿಗಳಿಲ್ಲ. ಒಬ್ಬನು ಕಥೆಯನ್ನು ನಡೆಸುವವನು. ಉಳಿದ ನಾಲ್ಕಾರು ಮಂದಿ ಒಂದೊಂದು ಪಾತ್ರವನ್ನು ವಹಿಸುವವರು. "ಎದುರಿಗೆ ಹೊಳೆ ತುಂಬಿ ಹರಿಯುತ್ತಿದೆ, ಆಚೆಯ ದಡದಲ್ಲಿ ಊರು ಉರಿಯುತ್ತಿದೆ, ಏನು ಮಾಡುವೆ?" ಎಂದು ಅವನು ಕೇಳುತ್ತಾನೆ. ಪಾತ್ರಧಾರಿಯು ಆ ಪಾತ್ರವಾಗಿಯೇ ಉತ್ತರ ಕೊಡಬೇಕು. ಕೈಗೂಡುವುದೋ ಇಲ್ಲವೋ ಎಂಬ ಸಂಶಯ ಬಂದಲ್ಲಿ ದಾಳವು ತೀರ್ಪು ಹೇಳುತ್ತದೆ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಹೆಸರಿನಿಂದ ಇಂತಹದನ್ನು ಹೊರತಂದ ಮೇಲೆ ಈ ಬಗೆಯ ಆಟ ಲೋಕದಲ್ಲೆಲ್ಲ ಹಬ್ಬಿತು. 1981ರಲ್ಲಿ ಬಂದ 'ಚಾಂಪಿಯನ್ಸ್' ಎಂಬುದರಲ್ಲಿ ಅತಿಮಾನುಷ ಶಕ್ತಿಯ ವೀರರೇ ಪಾತ್ರಗಳು.

ಪರದೇಶದ ಪದಾರ್ಥವೆಂದು ಇದಕ್ಕೆ ಮೂಗು ಮುರಿಯಬೇಕಾಗಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ನಡೆಯುವ ತಾಳಮದ್ದಲೆಯನ್ನು ನೆನೆಯಿರಿ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ. ಅರ್ಥಧಾರಿಗಳು ಕುಳಿತಲ್ಲೇ ಕರ್ಣನಾಗಿ, ಕೃಷ್ಣನಾಗಿ, ಬಾಯಿಪಾಠವಿಲ್ಲದೆ ವಾದ ಹೂಡುತ್ತಾರೆ. ಕಥೆಯ ಕೊನೆ ಮಾತ್ರ ಮೊದಲೇ ಗೊತ್ತಿರುತ್ತದೆ. ಎಷ್ಟು ಚೆನ್ನಾಗಿ ವಾದಿಸಿದರೂ ಕರ್ಣನು ಉಳಿಯುವುದಿಲ್ಲ. ಈ ಆಟದಲ್ಲಿ ಕೊನೆಯೂ ಆಡುವವರ ಕೈಯಲ್ಲಿದೆ. ವ್ಯತ್ಯಾಸ ಅಷ್ಟೇ.

ಕಥೆ ನಡೆಸುವ ಹೊಣೆ ನನ್ನ ಮೇಲೆ ಬಿದ್ದಿತು. ಗೆಳೆಯರ ಅಪೇಕ್ಷೆ ಸ್ಪಷ್ಟವಾಗಿತ್ತು: ಪುರಾತನ ಏಷ್ಯಾ ಬೇಕು, ಮಲ್ಲವಿದ್ಯೆ ಕತ್ತಿವರಸೆ ಬೇಕು, ಹಾರುವ ವೀರರು ಬೇಕು. ನಾನು ಚಲನಚಿತ್ರಗಳಲ್ಲಿ ಕಂಡುದನ್ನೆಲ್ಲ ಕಲಸಿ ಹೆಸರಿಲ್ಲದ ಒಂದು ದೇಶವನ್ನು ಮಾಡಿದೆನು. ಹಿಮದ ಬೆಟ್ಟ, ಅದರ ಮೇಲೊಂದು ಮಠ, ಗುಹೆಯಲ್ಲೊಂದು ಬೆಂಕಿಯುಗುಳುವ ಸರ್ಪ. ಒಬ್ಬನು ಗಾಳಿಯಲ್ಲಿ ನಡೆಯುವವನಾದನು. ಒಬ್ಬನ ಮುಷ್ಟಿಗೆ ಬಂಡೆ ಪುಡಿಯಾಗುತ್ತಿತ್ತು. ಇನ್ನೊಬ್ಬನಿಗೆ ಸಾವೇ ಇರಲಿಲ್ಲ. ಮೊದಲ ರಾತ್ರಿ ಎಲ್ಲರೂ ನಕ್ಕೆವು. ಎರಡನೆಯ ರಾತ್ರಿ ಸರ್ಪ ಸತ್ತಿತು. ಮೂರನೆಯ ರಾತ್ರಿ ದೀಪವಿದ್ದುದರಿಂದ ಎಲ್ಲರೂ ಪುಸ್ತಕ ಹಿಡಿದು ಕುಳಿತರು. ನಮ್ಮ ನಿಲಯದಲ್ಲಿ ಇದಕ್ಕಿಂತ ದೊಡ್ಡ ಟೀಕೆ ಬೇರೊಂದಿಲ್ಲ.

ಬೇಸರವೇಕೆ ಬಂದಿತೆಂದು ನಾನು ಬಹಳ ದಿನ ಯೋಚಿಸಿದೆನು. ವೀರರಿಗೆ ಶಕ್ತಿಯಿತ್ತು, ಆದರೆ ಆ ಶಕ್ತಿಯು ಯಾರಿಗಾಗಿ ಎಂಬುದು ಇರಲಿಲ್ಲ. ಅವರಿಗೆ ಊರಿಲ್ಲ, ತಾಯಿಯಿಲ್ಲ, ತೀರಿಸಬೇಕಾದ ಸಾಲವಿಲ್ಲ. ಕಳೆದುಕೊಳ್ಳುವುದೇನೂ ಇಲ್ಲದವನು ಗೆದ್ದರೇನು, ಸೋತರೇನು? ವೀರನನ್ನು ವೀರನನ್ನಾಗಿ ಮಾಡುವುದು ಅವನ ಬಲವಲ್ಲ, ಅವನ ಋಣ ಎಂಬುದು ನನ್ನ ಅಭಿಪ್ರಾಯ. ಇದನ್ನು ನಾನು ಕಲಿತದ್ದು ಆಟದ ಪುಸ್ತಕದಿಂದಲ್ಲ. ನಮ್ಮ ಶಿಕಾರಿಪುರ ಸೊರಬ ತಾಲ್ಲೂಕುಗಳ ಕಲ್ಲುಗಳಿಂದ.

ನಮ್ಮ ಊರು ಸೊರಬ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಕೆರೆಯ ಏರಿಯ ಕೆಳಗೆ ಒಂದು ವೀರಗಲ್ಲಿದೆ. ಅಜ್ಜಿ ಹಬ್ಬದ ದಿನ ಅದಕ್ಕೆ ಕುಂಕುಮ ಹಚ್ಚುವಳು. ಮಿಕ್ಕ ದಿನ ನಾವು ಅದಕ್ಕೆ ಕರು ಕಟ್ಟುತ್ತಿದ್ದೆವು. ಬಿ.ಎ. ಎರಡನೆಯ ವರ್ಷದಲ್ಲಿ ಇತಿಹಾಸದ ಗುರುಗಳು ತರಗತಿಯಲ್ಲಿ ವೀರಗಲ್ಲಿನ ಮೂರು ಅಂಕಣಗಳನ್ನು ವಿವರಿಸಿದರು: ಕೆಳಗೆ ಹೋರಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ನಾನು ರಜೆಯಲ್ಲಿ ಊರಿಗೆ ಹೋದವನೇ ಕಲ್ಲನ್ನು ತೊಳೆದೆನು. ಕೆಳಗಿನ ಅಂಕಣದಲ್ಲಿ ಒಬ್ಬ ಬಿಲ್ಲುಗಾರ. ಅವನ ಹಿಂದೆ ಸಾಲಾಗಿ ಹಸುಗಳು! ಅದು ತುರುಗೋಳಿನ ಕಲ್ಲು. ಕಳ್ಳರು ಊರ ದನಗಳನ್ನು ಹೊಡೆದುಕೊಂಡು ಹೋದಾಗ ಬೆನ್ನಟ್ಟಿ, ದನ ಬಿಡಿಸಿ, ತಾನು ಸತ್ತವನ ಕಲ್ಲು.

ಬಿ. ಎಲ್. ರೈಸ್ ಅವರು ಸಂಪಾದಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದ 7ನೆಯ ಸಂಪುಟ (1902) ಶಿಕಾರಿಪುರದ ಶಾಸನಗಳನ್ನೂ 8ನೆಯ ಸಂಪುಟ (1904) ಸೊರಬದ ಶಾಸನಗಳನ್ನೂ ಒಳಗೊಂಡಿವೆ. ಕನ್ನಡ ಶಾಸನಗಳಲ್ಲಿ ವೀರರು ಸತ್ತ ಕಾರಣಗಳಿಗೆ ಹೆಸರುಗಳೇ ಇವೆ. ದನಗಳ ಅಪಹಾರ 'ತುರುಗೋಳ್'. ಊರಿನ ನಾಶ 'ಊರಳಿವು'. ಹೆಂಗಸರ ಮೊರೆ 'ಪೆಣ್ಬುಯ್ಯಲ್'. ಒಡೆಯನ ಅನ್ನದ ಋಣ ತೀರಿಸುವುದು 'ಜೋಳವಾಳಿ'. ಮಡಿದವನ ಮನೆಯವರಿಗೆ ಕೊಟ್ಟ ಭೂಮಿ 'ನೆತ್ತರುಗೊಡಗೆ'. ಗಮನಿಸಿ: ಇವೆಲ್ಲವೂ ವೀರನಿಗೂ ಊರಿಗೂ ಇದ್ದ ಕೊಡುಕೊಳೆಯ ಮಾತುಗಳು. ಮಂಡ್ಯದ ಕಡೆಯ ಆತಕೂರಿನಲ್ಲಿ 10ನೆಯ ಶತಮಾನದಲ್ಲಿ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೂ ಕಲ್ಲು ನಿಲ್ಲಿಸಿದರು. ನಾಯಿಗೂ ಸಿಕ್ಕ ಈ ಮರ್ಯಾದೆ ನನ್ನ ಸಾವಿಲ್ಲದ ವೀರನಿಗೆ ಸಿಗುವಂತಿರಲಿಲ್ಲ.

ಆದ್ದರಿಂದ ಎರಡನೆಯ ಸಲ ನಾನು ಕಥೆಯನ್ನು ಬನವಾಸಿ ಪನ್ನಿರ್ಚ್ಛಾಸಿರದಲ್ಲಿ, ಬಳ್ಳಿಗಾವಿಯ ಸುತ್ತ ಕಟ್ಟಿದೆನು. ಅತಿಮಾನುಷ ಬೇಕೆಂದು ಹಟ ಹಿಡಿದಿದ್ದ ಗೆಳೆಯರನ್ನು ಒಂದು ಭಾನುವಾರ ಅಲ್ಲಿಗೇ ಕರೆದೊಯ್ದು ಗಂಡಭೇರುಂಡ ಸ್ತಂಭವನ್ನು ತೋರಿಸಿದೆನು. 1047ರಲ್ಲಿ ಚಾವುಂಡರಾಯರಸನು ನಿಲ್ಲಿಸಿದ ಕಂಬವದು. ಮನುಷ್ಯನ ಮೈ, ಎರಡು ಹಕ್ಕಿತಲೆ. ಹಿಮದ ಬೆಟ್ಟದ ಸರ್ಪಕ್ಕಾಗಿ ಅಷ್ಟು ದೂರ ಹೋಗಬೇಕಿತ್ತೇ ಎಂದು ಅವರೇ ಕೇಳಿದರು. ಅಲ್ಲಿಯ ಕೋಡಿಯ ಮಠದಲ್ಲಿ ವಿದ್ಯೆಯ ಜೊತೆಗೆ ಬಡವರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದುದನ್ನು 1162ರ ಶಾಸನ ಹೇಳುತ್ತದೆ. ನಮ್ಮ ವೀರರು ಗಾಯಗೊಂಡರೆ ಹೋಗುವುದಕ್ಕೆ ಒಂದು ಸ್ಥಳವೂ ಆಯಿತು. ಮಲ್ಲವಿದ್ಯೆಗಾಗಿಯೂ ಚೀನಾಕ್ಕೆ ಹೋಗಬೇಕಾಗಲಿಲ್ಲ. ಚಾಲುಕ್ಯ ಮೂರನೆಯ ಸೋಮೇಶ್ವರನ 12ನೆಯ ಶತಮಾನದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದವೆಂಬ ಭಾಗವೇ ಇದೆ.

ಆಟದ ನಿಯಮಗಳನ್ನು ಮೂರಕ್ಕೆ ಇಳಿಸಿದೆನು. ಮೊದಲನೆಯದು: ಪಾತ್ರಧಾರಿಯು ಹಾಳೆಯ ಮೇಲೆ "ನಾನು ಏನು ಬಲ್ಲೆ" ಎಂದು ಬರೆಯುವ ಮೊದಲು "ನಾನು ಯಾರಿಗೆ ಋಣಿ" ಎಂದು ಬರೆಯತಕ್ಕದ್ದು.

ಎರಡನೆಯದು: ಯಾವ ಶಕ್ತಿಯೂ ಪರಿಪೂರ್ಣವಲ್ಲ. ಇದಕ್ಕೆ ಗುರು ಬಳ್ಳಿಗಾವಿಯ ಅಲ್ಲಮಪ್ರಭು. 15ನೆಯ ಶತಮಾನದ ಚಾಮರಸನ 'ಪ್ರಭುಲಿಂಗಲೀಲೆ'ಯಲ್ಲಿ ಅಲ್ಲಮನಿಗೂ ಗೋರಕ್ಷನಿಗೂ ನಡೆಯುವ ಪರೀಕ್ಷೆಯನ್ನು ಬಲ್ಲವರು ಬಲ್ಲರು. ಗೋರಕ್ಷನದು ವಜ್ರದೇಹ, ಕತ್ತಿಯಿಂದ ಹೊಡೆದರೆ ಖಣಿಲೆಂದು ಸದ್ದಾಗುತ್ತದೆ, ಮೈಗೇನೂ ಆಗುವುದಿಲ್ಲ. ಅದೇ ಕತ್ತಿಯನ್ನು ಅಲ್ಲಮನ ಮೇಲೆ ಬೀಸಿದಾಗ ಅದು ಬಯಲಲ್ಲಿ ಹಾದಂತೆ ಹಾದುಹೋಗುತ್ತದೆ. ಸದ್ದೂ ಇಲ್ಲ, ತಡೆಯೂ ಇಲ್ಲ. ಗಟ್ಟಿಯಾಗಿರುವುದು ದೊಡ್ಡದೋ, ತಾನೆಂಬುದೇ ಇಲ್ಲದಿರುವುದು ದೊಡ್ಡದೋ? ಇಷ್ಟು ದೊಡ್ಡ ಪ್ರಶ್ನೆಯನ್ನು ಒಂದು ಕತ್ತಿಯ ಏಟಿನಲ್ಲಿ ಕೇಳಿದ ಕಾಳಗವನ್ನು ನಾನು ಯಾವ ಚಲನಚಿತ್ರದಲ್ಲಿಯೂ ಕಂಡಿಲ್ಲ.

ಮೂರನೆಯದು: ಕೊಂದವನೇ ಗೆದ್ದವನಲ್ಲ. ಇದನ್ನು ಕಲಿಸಿದ್ದು ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿನ ಕಂಬ. ಅದರ ಮೇಲಿನ, ಕುಬ್ಜನೆಂಬ ಕವಿಯ 5ನೆಯ ಶತಮಾನದ ಕಾವ್ಯವು ಮಯೂರಶರ್ಮನ ಕಥೆಯನ್ನು ಹೇಳುತ್ತದೆ. ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ ಓದಲು ಹೋದ ವಿದ್ಯಾರ್ಥಿ ಅವನು. ಅಲ್ಲಿ ಪಲ್ಲವರ ಅಶ್ವಸೈನಿಕನೊಬ್ಬನೊಡನೆ ಕಲಹವಾಯಿತು. ದರ್ಭೆ ಸಮಿತ್ತು ಹಿಡಿಯುತ್ತಿದ್ದ ಕೈಯಲ್ಲಿ ಕತ್ತಿ ಬಂದಿತು. ಶ್ರೀಪರ್ವತದ ಕಾಡನ್ನು ಸೇರಿ ಅವನು ಪಲ್ಲವರನ್ನು ಕಾಡಿದನು. ಆದರೆ ಕೊನೆಯಲ್ಲಿ ಯಾರೂ ನಿರ್ನಾಮವಾಗಲಿಲ್ಲ. ಪಲ್ಲವರೇ ಅವನ ಪರಾಕ್ರಮವನ್ನು ಮೆಚ್ಚಿ, ಅವನ ಸೇವೆಯನ್ನು ಒಪ್ಪಿ, ಪಟ್ಟ ಕಟ್ಟಿದರು. ಕದಂಬರ ರಾಜ್ಯ ಹುಟ್ಟಿದ್ದು ಒಬ್ಬ ವಿದ್ಯಾರ್ಥಿಯ ಅಭಿಮಾನಭಂಗದಿಂದ, ನಿಂತದ್ದು ಒಂದು ಸಂಧಾನದಿಂದ.

ಹಗಲು ಹೊತ್ತು ಕಾಲೇಜಿನ ಮರದಡಿ ಆಟ ಮುಂದುವರಿದಾಗ ಸಹಪಾಠಿನಿಯೊಬ್ಬರು, "ನಿಮ್ಮ ಆಟದಲ್ಲಿ ಹೆಂಗಸರಿರುವುದು ಮೊರೆಯಿಡುವುದಕ್ಕೆ ಮಾತ್ರವೋ?" ಎಂದು ಕೇಳಿದರು. ನನಗೆ ನಾಚಿಕೆಯಾಯಿತು. ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ, 10ನೆಯ ಶತಮಾನದ ಆರಂಭದ ಶಾಸನದಲ್ಲಿ ಜಕ್ಕಿಯಬ್ಬೆಯಿದ್ದಾಳೆ. ಗಂಡನು ತೀರಿಕೊಂಡ ಮೇಲೆ ನಾಗರಖಂಡ ಎಪ್ಪತ್ತರ ನಾಳ್ಗಾವುಂಡಿಕೆಯನ್ನು ವಹಿಸಿಕೊಂಡು ಸಮರ್ಥಳಾಗಿ ನಡೆಸಿದವಳು. ಕೊನೆಗೆ ರೋಗಪೀಡಿತಳಾಗಿ, ಅಧಿಕಾರವನ್ನು ಮಗಳಿಗೊಪ್ಪಿಸಿ, ವ್ರತದಿಂದ ದೇಹ ಬಿಟ್ಟವಳು. ಆ ಸಹಪಾಠಿನಿ ಜಕ್ಕಿಯಬ್ಬೆಯೇ ಆಗಿ ಆಡಿದರು. ನಮ್ಮಲ್ಲಿ ಯಾರೂ ಅವರಷ್ಟು ಚೆನ್ನಾಗಿ ಆಡಲಿಲ್ಲ.

ಇತಿಹಾಸವನ್ನು ಆಟದ ವಸ್ತುವನ್ನಾಗಿ ಮಾಡಿದರೆ ಅದು ಕೆಡುವುದಿಲ್ಲವೇ ಎಂದು ಗುರುಗಳೊಬ್ಬರು ಕೇಳಿದರು. ಪ್ರಶ್ನೆ ನ್ಯಾಯವಾದದ್ದು. ಆದರೆ 7ನೆಯ ಶತಮಾನದಲ್ಲಿ ಕಂಚಿಯವರೆಗೂ ಬಂದ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗನನ್ನು ನೋಡಿರಿ. ಅವನ ಯಾತ್ರೆಯನ್ನೇ ಹಿಡಿದು ಚೀನೀಯರು 16ನೆಯ ಶತಮಾನದಲ್ಲಿ ಮಾಯಾವಿ ಕಪಿಯೊಂದರ ಮಹಾಕಥೆಯನ್ನು ಕಟ್ಟಿದರು. ಅದರಿಂದ ಯಾತ್ರಿಕನ ಬರೆಹಕ್ಕೆ ಚ್ಯುತಿ ಬರಲಿಲ್ಲ. ಕಥೆಯನ್ನು ಕಥೆಯೆಂದೂ ಶಾಸನವನ್ನು ಶಾಸನವೆಂದೂ ಬೇರೆಬೇರೆ ತಿಳಿದಿದ್ದರೆ ಎರಡೂ ಬಾಳುತ್ತವೆ.

ಎಲ್ಲವನ್ನೂ ಆಟಕ್ಕೆ ತರಬಹುದೆಂದು ಮಾತ್ರ ನಾನು ಹೇಳಲಾರೆ. ಈಸೂರು ಶಿಕಾರಿಪುರ ತಾಲ್ಲೂಕಿನದೇ. 1942ರಲ್ಲಿ ಅದು ಎದ್ದುನಿಂತಿತು; 1943ರ ಮಾರ್ಚಿಯಲ್ಲಿ ಆ ಊರಿನ 5 ಮಂದಿ ಗಲ್ಲಿಗೇರಿದರು. ಆ ಊರಿನವರು ಇಂದೂ ನಮ್ಮೊಡನೆ ಅದೇ ಬಸ್ಸಿನಲ್ಲಿ ಬರುತ್ತಾರೆ. ಅವರ ದುಃಖಕ್ಕೆ ನಾನು ದಾಳ ಹಾಕಲಾರೆ. ಹಳೆಯ ಕಲ್ಲುಗಳನ್ನೂ ಕಣ್ಣು ಮುಚ್ಚಿ ಹೊಗಳಬೇಕಾಗಿಲ್ಲ. ದನ ಕದಿಯಲು ಹೋಗಿ ಸತ್ತವನಿಗೂ ಅವನ ಕಡೆಯವರು ಕಲ್ಲು ನಿಲ್ಲಿಸಿದ್ದುಂಟು. ಒಡೆಯನು ಸತ್ತನೆಂದು ತಾನೂ ಪ್ರಾಣ ಬಿಟ್ಟ ಆಳನ್ನು ನೆನೆದರೆ ನನಗೆ ಹೆಮ್ಮೆಗಿಂತ ಮರುಕವೇ ಹೆಚ್ಚು. ಮಯೂರನಿಗೆ ತೆರೆದಿದ್ದ ಘಟಿಕೆಯ ಬಾಗಿಲು ನನ್ನ ಹಿರಿಯರಂತಹ ದನಕಾಯುವವರಿಗೆ ತೆರೆಯುತ್ತಿರಲಿಲ್ಲ. ಈ ಪ್ರಶ್ನೆಗಳನ್ನೂ ಆಟದಲ್ಲಿ ಕೇಳಬೇಕು, ಕೇಳಿದೆವು.

ಒಂದು ಸಂಜೆ ನಮ್ಮಲ್ಲಿ ಅತಿ ಮೌನಿಯಾದ ಗೆಳೆಯನ ವೀರನು ಹೊಳೆಯ ಕಡವಿನಲ್ಲಿ ಒಬ್ಬನೇ ನಿಂತನು. ಅವನ ಹಾಳೆಯಲ್ಲಿದ್ದ ಋಣ ಇಷ್ಟೇ: "ಊರವರು ನನಗೆ ಅನ್ನ ಹಾಕಿ ಸಾಕಿದರು." ಓಡಿಹೋಗುವ ಶಕ್ತಿ ಅವನಿಗಿತ್ತು. "ಓಡುವುದಿಲ್ಲ" ಎಂದನು. ದಾಳ ಬಿದ್ದಿತು, ವೀರನು ಸತ್ತನು, ದನಗಳು ಊರಿಗೆ ತಿರುಗಿದುವು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಬಳಿಕ ಒಬ್ಬನು ಸೀಮೆಸುಣ್ಣ ತೆಗೆದುಕೊಂಡು ಕಟ್ಟೆಯ ಮೇಲೆ ಮೂರು ಅಂಕಣಗಳನ್ನು ಬರೆದನು. ನಾವೆಲ್ಲ ಸೇರಿ ಅವನ ಮನೆಯವರಿಗೆ ಎರಡು ಗದ್ದೆ ನೆತ್ತರುಗೊಡಗೆ ಕೊಟ್ಟೆವು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅಪ್ಪ ಬೇರೆಯವರ ದನ ಕಾದು ನನ್ನನ್ನು ಓದಿಸಿದರು. ಊರ ಕಲ್ಲಿನ ಮೇಲಿನ ಅಕ್ಷರಗಳನ್ನು ಬಿಳಿ ಹಿಟ್ಟು ಸವರಿ ಬಿಡಿಸಲು ಹೊರಟ ದಿನ ಅವರು ಪಕ್ಕದಲ್ಲೇ ಕುಳಿತಿದ್ದರು. 'ತುರು' ಎಂಬುದು ಕಂಡಿತು. ಹೆಸರಿದ್ದ ಭಾಗ ಮಾತ್ರ ಸವೆದುಹೋಗಿತ್ತು. "ಅವನ ಹೆಸರೇ ಹೋಗೇತಲ್ಲಪ್ಪ" ಎಂದು ನಾನು ಪೇಚಾಡಿದೆನು. ಅಪ್ಪ ಕರುವಿನ ಹಗ್ಗ ಬಿಚ್ಚುತ್ತ, "ಹೆಸರು ಹೋದ್ರೆ ಹೋಗ್ಲಿ ಬಿಡೋ, ದನ ತಿರುಗಿ ಬಂದ್ವಲ್ಲ" ಎಂದರು.

ಸಹಪಾಠಿಗಳೇ, ಮುಂದಿನ ವರ್ಷ ಈ ದಾಳಗಳು ನಿಮ್ಮ ಕೈಗೆ ಬರುತ್ತವೆ. ಹಾರುವ ವೀರರನ್ನು ಧಾರಾಳವಾಗಿ ಮಾಡಿಕೊಳ್ಳಿ. ಆದರೆ ಮೊದಲು ಅವರ ಹಾಳೆಯಲ್ಲಿ ಋಣದ ಸಾಲನ್ನು ಬರೆಯಿರಿ. ಪದವಿಯನ್ನು ಪಡೆದು ಹೊರಡುವ ನಾನೂ ನನ್ನ ಹಾಳೆಯಲ್ಲಿ ಆ ಒಂದು ಸಾಲನ್ನು ಈಗಾಗಲೇ ಬರೆದುಕೊಂಡಿದ್ದೇನೆ.