ಪಡೀಲಿನಲ್ಲಿ ಯಾರ ಹೆಸರಿನ ಫಲಕ?

ದಕ್ಷಿಣ ಕನ್ನಡ ಜಿಲ್ಲಾಧಿಕಾರಿಗಳ ನೂತನ ಕಚೇರಿ ಸಂಕೀರ್ಣ 2025ರ ಮೇ 16ರಂದು ಪಡೀಲಿನಲ್ಲಿ ಉದ್ಘಾಟನೆಗೊಂಡಿತು. ಜಮೀನು, ಪಿಂಚಣಿ, ದೂರು ಎಂದು ಜಿಲ್ಲೆಯ ಮೂಲೆಮೂಲೆಯ ಜನ ಈಗ ಇಲ್ಲಿಗೆ ಬರಬೇಕು. ಜನ ಸೇರುವಲ್ಲಿ ರಸ್ತೆಗೆ, ವೃತ್ತಕ್ಕೆ ಹೆಸರಿಡುವ ಬೇಡಿಕೆ ಹುಟ್ಟುವುದು ಸಹಜ. ಲೈಟ್‌ಹೌಸ್ ಹಿಲ್ ರಸ್ತೆಗೆ ಯಾರ ಹೆಸರು ಎಂಬ ವಿವಾದವನ್ನು ನಾವು 2017ರಲ್ಲಿ ಕಂಡಿದ್ದೇವೆ. ಅಂಥ ಇನ್ನೊಂದು ಜಗಳ ಏಳುವ ಮೊದಲೇ ಕೇಳಿಕೊಳ್ಳೋಣ: ನಮ್ಮ ದಾರಿಬದಿಯಲ್ಲಿ ಈವರೆಗೆ ಸ್ಥಳ ಸಿಗದವರು ಯಾರು?

ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಈಡೆಂಟನ್ ಪಟ್ಟಣದಲ್ಲಿ ರಸ್ತೆ ಬದಿಯ ಸರಕಾರಿ ಫಲಕವೊಂದು ಹ್ಯಾರಿಯೆಟ್ ಜೇಕಬ್ಸ್ ಎಂಬ ಕಪ್ಪು ಮಹಿಳೆಯನ್ನು ಸ್ಮರಿಸುತ್ತದೆ. ಗುಲಾಮಳಾಗಿ ಹುಟ್ಟಿದ ಈಕೆ ಒಡೆಯನ ಕಾಟ ತಾಳಲಾರದೆ ಅಜ್ಜಿಯ ಮನೆಯ ಅಟ್ಟದಲ್ಲಿ ಸುಮಾರು ಏಳು ವರ್ಷ ಅಡಗಿದ್ದು, 1842ರಲ್ಲಿ ಉತ್ತರಕ್ಕೆ ಪಾರಾದರು. 1861ರಲ್ಲಿ ತನ್ನ ಬಾಳನ್ನು ಬದಲಿ ಹೆಸರಿನಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಗುಲಾಮ ಹೆಂಗಸು ಇಷ್ಟು ಚೆನ್ನಾಗಿ ಬರೆಯಲು ಸಾಧ್ಯವೇ ಎಂದು ಸಂಶಯಪಟ್ಟವರು, ಅದು ಬಿಳಿಯ ಸಂಪಾದಕಿಯ ಕಾದಂಬರಿ ಎಂದೇ ಬಹುಕಾಲ ಭಾವಿಸಿದರು. 1980ರ ದಶಕದಲ್ಲಿ ಜೀನ್ ಫೇಗನ್ ಯೆಲಿನ್ ಅವರ ಸಂಶೋಧನೆ ಆ ಸಂಶಯವನ್ನು ನಿವಾರಿಸಿತು. ಈಡೆಂಟನ್‌ನ ಫಲಕ ಗೌರವಿಸುವುದು ಬಿಡಿಸಿದವರನ್ನಲ್ಲ, ಬಂಧನವನ್ನು ಅನುಭವಿಸಿ ಬರೆದವಳನ್ನು ಎಂಬುದು ಗಮನಾರ್ಹ.

ನಮ್ಮ ಕರಾವಳಿಗೂ ಇಂಥ ಚರಿತ್ರೆ ಇದೆ. ಮಂಗಳೂರಿನಲ್ಲಿ ನೆಲೆಸಿದ್ದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು 1132ರ ಅಕ್ಟೋಬರ್ 17ರಂದು ಆಶು ಎಂಬ ದಾಸಿಗೆ ಬಿಡುಗಡೆ ಪತ್ರ ಕೊಟ್ಟ. ಪತ್ರ ಉಳಿಯಿತು, ಆಶುವಿನ ಮಾತು ಉಳಿಯಲಿಲ್ಲ. 1801ರಲ್ಲಿ ಇಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಗದ್ದೆಗಳಲ್ಲಿ ದುಡಿಯುತ್ತಿದ್ದ ಗುಲಾಮರ ಸ್ಥಿತಿಯನ್ನು ದಾಖಲಿಸಿದ. 1843ರ ಕಾಯ್ದೆಯಿಂದ ನ್ಯಾಯಾಲಯಗಳು ಗುಲಾಮಗಿರಿಗೆ ಮಾನ್ಯತೆ ಕೊಡುವುದನ್ನು ನಿಲ್ಲಿಸಿದವು. ಆದರೆ ಮೂಲದಾಳುಗಳ ಬಾಳು ಕಾಗದದಷ್ಟು ಬೇಗ ಬದಲಾಗಲಿಲ್ಲ. ರೋಗ ದಾಟಿಸುವ ಹೆಸರಿನಲ್ಲಿ ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕಕ್ಕೆ 2000ನೇ ಇಸವಿಯಲ್ಲಿ ಪ್ರತ್ಯೇಕ ಕಾಯ್ದೆಯೇ ಬೇಕಾಯಿತು.

ನಗರ ಈ ವಿಷಯವನ್ನು ಪೂರ್ತಿ ಮರೆತಿಲ್ಲ. 1892ರಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದ ಕುದ್ಮುಲ್ ರಂಗರಾಯರ ಹೆಸರು ಪುರಭವನಕ್ಕಿದೆ. ಸ್ವಜಾತಿಯ ಬಹಿಷ್ಕಾರ ಸಹಿಸಿ ದುಡಿದ ಅವರಿಗೆ ಅದು ಸಲ್ಲಲೇಬೇಕಾದ ಗೌರವ. ಆದರೆ ಅವರು ಯಾರಿಗಾಗಿ ದುಡಿದರೋ ಅವರು ನಮ್ಮ ನೆನಪಿನಲ್ಲಿ ಇಂದಿಗೂ 'ದೀನರು' ಎಂಬ ಗುಂಪು ಮಾತ್ರ. ಕೈಹಿಡಿದು ಎತ್ತಿದವರ ಹೆಸರು ಗೊತ್ತು, ಎದ್ದು ನಿಂತವರ ಹೆಸರು ಗೊತ್ತಿಲ್ಲ.

1784ರಲ್ಲಿ ಶ್ರೀರಂಗಪಟ್ಟಣಕ್ಕೆ ಸೆರೆ ಹೋದ ಹಿರಿಯರ ಕಥೆಯನ್ನು ಮಕ್ಕಳಿಗೆ ಹೇಳುತ್ತಾ ಬಂದ ಸಮುದಾಯ ನಮ್ಮದು. ಬಂಧನದ ನೆನಪನ್ನು ಏಕೆ ಕಾಯಬೇಕೆಂದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಗದ್ದೆ, ತೋಟಗಳಲ್ಲಿ ಇತರರನ್ನು ದುಡಿಸಿಕೊಂಡ ಮನೆಗಳು ನಮ್ಮ ನಡುವೆಯೂ ಇದ್ದವು. ಸ್ವಂತ ಸೆರೆಯನ್ನು ನೆನೆಯುವವರು ಅಂಗಳದಾಚೆ ನಿಂತವರ ಸೆರೆಯನ್ನೂ ನೆನೆಯುವುದು ನ್ಯಾಯ.

ಆದುದರಿಂದ ಪಡೀಲಿನಲ್ಲಿ, ಜಿಲ್ಲಾಡಳಿತದ ಬಾಗಿಲಲ್ಲೇ, ಮೂಲದಾಳುಗಳ ಮತ್ತು ಅಜಲು ಪದ್ಧತಿಯ ಚರಿತ್ರೆ ಹೇಳುವ ಒಂದು ಕಲ್ಲು ನಿಲ್ಲಲಿ ಎಂಬುದು ನಮ್ಮ ಸಲಹೆ. ಅದರ ಒಕ್ಕಣೆಯನ್ನು ಅಧಿಕಾರಿಗಳಾಗಲಿ ನಾವಾಗಲಿ ಬರೆಯುವುದು ಬೇಡ. ಕೊರಗ ಮತ್ತು ದಲಿತ ಸಮುದಾಯಗಳ ಹಿರಿಯರು, ವಿದ್ಯಾವಂತ ಯುವಜನರು ಬರೆಯಲಿ. ಚರ್ಚ್‌ಗಳ ಸಾಮಾಜಿಕ ಕಾರ್ಯಕರ್ತರು ಅಷ್ಟರೊಳಗೆ ಮಾಡಬಹುದಾದ ಕೆಲಸವೂ ಒಂದಿದೆ: ತಮ್ಮ ವಠಾರದ ವೃದ್ಧರ ಬಳಿ ಕುಳಿತು, ಅವರ ಒಪ್ಪಿಗೆ ಪಡೆದು, ಅವರ ನೆನಪುಗಳನ್ನು ಅವರದೇ ಮಾತಿನಲ್ಲಿ ದಾಖಲಿಸುವುದು. ಕಲ್ಲು ನಿಲ್ಲಿಸಲು ಎಷ್ಟು ವರ್ಷವಾದರೂ ಕಾಯಬಹುದು. ಹಿರಿಯರ ಆಯುಸ್ಸು ಕಾಯುವುದಿಲ್ಲ.